ಒಂದು ಲೋಟ ಬೋರ್‌ವೆಲ್ ನೀರು, ಮೂರು ಸಂಶೋಧನೆ: ವೈದ್ಯಕೀಯವೋ, ಕಾನೂನೋ, ಎಂಜಿನಿಯರಿಂಗೋ?

ತುಮಕೂರಿನಲ್ಲಿ ಬಿಇ ಕೊನೆಯ ವರ್ಷದಲ್ಲಿರುವವರಿಗೆ ಎಂ.ಟೆಕ್ ಮಾಡಿ ಪಿಎಚ್‌ಡಿಗೆ ಹೋಗುವುದೋ, ಮೂರು ವರ್ಷದ ಎಲ್‌ಎಲ್‌ಬಿ ಸೇರಿ ಪೇಟೆಂಟ್ ಕೆಲಸ ಹಿಡಿಯುವುದೋ ಎಂಬ ಗೊಂದಲ. ಕೋಲಾರದ ಟಮಕದಲ್ಲಿ ಎಂಬಿಬಿಎಸ್ ಓದುವವರಿಗೆ ಎಂಡಿ ಥೀಸಿಸ್ ಆದಮೇಲೂ ಸಂಶೋಧನೆ ಮುಂದುವರಿಸಬಹುದೇ ಎಂಬ ಪ್ರಶ್ನೆ. ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮುಗಿಸಿದ ಮಗಳಿರುವ ಮನೆಯಲ್ಲಿ 'ಅವಳಿಗೆ ಸಂಶೋಧನೆ ಅಂದರೆ ಇಷ್ಟ, ಯಾವ ಕೋರ್ಸಿಗೆ ಸೇರಿಸೋಣ' ಎಂಬ ಚರ್ಚೆ. ಇವರಿಗೆಲ್ಲ ಸಾಮಾನ್ಯವಾಗಿ ಸಿಗುವ ಸಲಹೆ ಸಂಬಳ, ಸೀಟು, ಹೆಸರಿನ ಹಿಂದಿನ 'ಡಾ.' ಇವುಗಳ ಸುತ್ತಲೇ ತಿರುಗುತ್ತದೆ. ಅವೂ ಬೇಕಾದ ಮಾತುಗಳೇ, ಆದರೆ ಎರಡನೆಯ ಸಾಲಿನವು. ಮೂರೂ ಕಡೆ 'ಸಂಶೋಧನೆ' ಎಂದೇ ಕರೆದರೂ, ಪುರಾವೆ ಎಂದರೆ ಏನು ಎನ್ನುವುದೇ ಮೂರರಲ್ಲೂ ಬೇರೆ. ಯಾವ ಬಗೆಯ ಪುರಾವೆಯ ಜೊತೆ ನಾಲ್ಕೈದು ವರ್ಷ ಏಗಲು ನಿಮ್ಮಿಂದ ಆಗುತ್ತದೆ, ಆ ಪುರಾವೆ ನಿಮ್ಮ ಊರಿನಿಂದ ಎಷ್ಟು ದೂರದಲ್ಲಿದೆ, ಇವೆರಡರ ಮೇಲೆ ಆಯ್ಕೆ ನಿಲ್ಲಬೇಕು.

ತೂಗುವ ಮೊದಲು

ಆರು ವಿಷಯ ಇಟ್ಟುಕೊಂಡು ನೋಡಿ. ದಿನನಿತ್ಯ ಕೈಯಲ್ಲಿರುವುದು ಏನು: ರೋಗಿಯೇ, ತೀರ್ಪೇ, ಯಂತ್ರವೇ? ಕೆಲಸ ಶುರುಮಾಡಲು ಯಾರ ಅನುಮತಿ ಬೇಕು, ಅದಕ್ಕೆ ಎಷ್ಟು ತಿಂಗಳು? ಮೊದಲ ಫಲಿತಾಂಶ ಯಾವಾಗ ಕಣ್ಣಿಗೆ ಬೀಳುತ್ತದೆ? ಖರ್ಚು ಯಾರದು? ಕೆಲಸ ಕೆಟ್ಟರೆ ಎಲ್ಲಿ ಕೆಡುತ್ತದೆ, ಕೆಟ್ಟದ್ದನ್ನು ಸರಿಪಡಿಸಬಹುದೇ? ಬೆಂಗಳೂರಿಗೆ ಮನೆ ಬದಲಿಸದೆ ಜಿಲ್ಲೆಯಲ್ಲೇ ಇದ್ದು ಎಷ್ಟು ಮುಗಿಸಬಹುದು?

ಇವುಗಳಲ್ಲಿ ಐದನೆಯದನ್ನು ಯಾರೂ ಕೇಳುವುದಿಲ್ಲ. ಅರ್ಧಕ್ಕೆ ನಿಂತ ಪಿಎಚ್‌ಡಿಗಳು ಹೆಚ್ಚಾಗಿ ಅಲ್ಲೇ ನಿಂತಿರುತ್ತವೆ.

ಬರೀ ಮಾತಿನಲ್ಲಿ ಹೋಲಿಸಿದರೆ ವ್ಯತ್ಯಾಸ ಹಿಡಿತಕ್ಕೆ ಸಿಗುವುದಿಲ್ಲ. ನಮ್ಮ ಮೂರೂ ಜಿಲ್ಲೆಗೆ ಗೊತ್ತಿರುವ ಒಂದು ಸಮಸ್ಯೆಯನ್ನೇ ಹಿಡಿದುಕೊಳ್ಳೋಣ: ಕೊಳವೆಬಾವಿ ನೀರಿನ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಸೀಮೆಯ ಎಷ್ಟೋ ಬೋರ್‌ವೆಲ್‌ಗಳು ಈ ಗೆರೆ ದಾಟುತ್ತವೆ. ಆ ನೀರಿನ ಒಂದು ಲೋಟ ಮುಂದಿಟ್ಟರೆ ವೈದ್ಯರು ಕೇಳುವುದು 'ಇದನ್ನು ಕುಡಿದವರಿಗೆ ಏನಾಯಿತು?' ವಕೀಲರು ಕೇಳುವುದು 'ಇದರ ಹೊಣೆ ಯಾರದು?' ಎಂಜಿನಿಯರ್ ಕೇಳುವುದು 'ಇದನ್ನು ತೆಗೆಯುವುದು ಹೇಗೆ, ಎಷ್ಟು ದಿನ ಆ ಉಪಾಯ ನಿಲ್ಲುತ್ತದೆ?' ಇವುಗಳಲ್ಲಿ ಯಾವ ಪ್ರಶ್ನೆ ಓದಿದಾಗ ನಿಮ್ಮ ಮನಸ್ಸು ತಾನಾಗಿ ಮುಂದಕ್ಕೆ ಓಡಿತು ಎಂದು ಈಗಲೇ ಗುರುತು ಮಾಡಿಟ್ಟುಕೊಳ್ಳಿ.

ವೈದ್ಯಕೀಯ: ಎಣಿಕೆ ಮತ್ತು ಒಪ್ಪಿಗೆ

ವೈದ್ಯಕೀಯ ಸಂಶೋಧನೆಯಲ್ಲಿ ಮೆಟ್ಟಿಲುಗಳಿವೆ. ಒಬ್ಬ ರೋಗಿಯ ಅಪರೂಪದ ಸ್ಥಿತಿಯನ್ನು ಬರೆದರೆ ಕೇಸ್ ರಿಪೋರ್ಟ್. ಒಂದು ಹೊತ್ತಿನಲ್ಲಿ ಎಷ್ಟು ಜನರಿಗೆ ಕಾಯಿಲೆ ಇದೆ ಎಂದು ಎಣಿಸಿದರೆ ಕ್ರಾಸ್-ಸೆಕ್ಷನಲ್ ಅಧ್ಯಯನ. ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಹೋಲಿಸಿ ಹಿಂದಕ್ಕೆ ನೋಡಿದರೆ ಕೇಸ್-ಕಂಟ್ರೋಲ್. ಒಂದು ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸಿದರೆ ಕೋಹಾರ್ಟ್. ಚಿಕಿತ್ಸೆಯನ್ನು ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಿದರೆ ರ‍್ಯಾಂಡಮೈಸ್ಡ್ ಟ್ರಯಲ್. ಎಂಡಿ ಮೂರು ವರ್ಷದ್ದಾದರೂ ಸಂಶೋಧನೆಯ ರೂಪರೇಖೆಯಾದ ಸಿನಾಪ್ಸಿಸ್‌ಗೆ ಮೊದಲ ಕೆಲವು ತಿಂಗಳು ಹೋಗಿ, ಥೀಸಿಸನ್ನು ಕೊನೆಯ ಪರೀಕ್ಷೆಗಿಂತ ಸುಮಾರು ಆರು ತಿಂಗಳು ಮೊದಲೇ ಒಪ್ಪಿಸಬೇಕಾದ್ದರಿಂದ, ಡೇಟಾ ಕೂಡಿಸಲು ಉಳಿಯುವುದು ಹೆಚ್ಚೆಂದರೆ ಒಂದೂವರೆ ವರ್ಷ. ಅದರಲ್ಲೂ ವಾರ್ಡ್ ಡ್ಯೂಟಿ. ಹಾಗಾಗಿ ಎಂಡಿ ಹಂತದಲ್ಲಿ ಕೋಹಾರ್ಟ್ ಕನಸು ಬೇಡ, ಕ್ರಾಸ್-ಸೆಕ್ಷನಲ್ ಅಥವಾ ಕೇಸ್-ಕಂಟ್ರೋಲ್ ನಿಲ್ಲುತ್ತದೆ.

ನಮ್ಮ ಲೋಟಕ್ಕೆ ಬರೋಣ. ಒಂದು ತಾಲ್ಲೂಕಿನಲ್ಲಿ 12 ವರ್ಷದ ಮಕ್ಕಳಲ್ಲಿ ಎಷ್ಟು ಜನರ ಹಲ್ಲಿಗೆ ಫ್ಲೋರೋಸಿಸ್ (ಫ್ಲೋರೈಡಿನಿಂದ ಬೀಳುವ ಕಲೆ) ಇದೆ ಎಂದು ತಿಳಿಯಬೇಕು. 100ಕ್ಕೆ 30 ಮಕ್ಕಳಿಗೆ ಇರಬಹುದೆಂದು ಅಂದಾಜು ಮಾಡಿ, ಉತ್ತರ 5 ಅಂಕೆ ಆಚೀಚೆ ಇದ್ದರೆ ಸಾಕು ಎಂದುಕೊಳ್ಳಿ. 1.96 × 1.96 × 0.3 × 0.7 ಎಂದು (1.96 ಎಂಬುದು 95% ಖಚಿತತೆಗೆ ಹಿಡಿಯುವ ಅಂಕಿ) ಗುಣಿಸಿ 0.05ರ ವರ್ಗದಿಂದ ಭಾಗಿಸಿದರೆ 323 ಮಕ್ಕಳು. 10 ಅಂಕೆ ಆಚೀಚೆ ಆದರೂ ಪರವಾಗಿಲ್ಲ ಎಂದರೆ 81 ಮಕ್ಕಳೇ ಸಾಕು. ನಿಖರತೆ ಎರಡರಷ್ಟಾಗಬೇಕಾದರೆ ಮಕ್ಕಳ ಸಂಖ್ಯೆ ನಾಲ್ಕರಷ್ಟಾಗುತ್ತದೆ. ಮೊದಲ ಸಲ ಲೆಕ್ಕ ಹಾಕುವವರು ಇಲ್ಲೇ ಬೆಚ್ಚುವುದು.

ಇನ್ನೂ ಒಂದು ತೊಡಕು ಇದೆ. ಒಂದು ಶಾಲೆಯ ಮಕ್ಕಳೆಲ್ಲ ಬಹುಮಟ್ಟಿಗೆ ಒಂದೇ ಬೋರ್‌ವೆಲ್ ನೀರು ಕುಡಿದವರು. ಅಂದಮೇಲೆ ಒಂದೇ ಶಾಲೆಯಿಂದ 40 ಮಕ್ಕಳನ್ನು ನೋಡಿದರೆ 40 ಸ್ವತಂತ್ರ ಮಾಹಿತಿ ಸಿಕ್ಕಂತಲ್ಲ. ಶಾಲೆಗಳ ಗುಂಪು ಮಾಡಿ ಆರಿಸಿದಾಗ ಡಿಸೈನ್ ಎಫೆಕ್ಟ್ ಎಂದು 323ನ್ನು ಎರಡರಿಂದಲೋ ಅದಕ್ಕೂ ಹೆಚ್ಚಿನದರಿಂದಲೋ ಗುಣಿಸಬೇಕು. ಎರಡು ಎಂದಿಟ್ಟುಕೊಂಡರೂ 646 ಮಕ್ಕಳು. ದಿನಕ್ಕೆ 25 ಬಾಯಿ ನೋಡಿದರೆ 26 ದಿನ. ಇದನ್ನು ಬಿಟ್ಟು ಬರೀ 323ಕ್ಕೆ ಮುಗಿಸಿದ ಥೀಸಿಸ್‌ಗೆ ವೈವಾದಲ್ಲಿ ಮೊದಲ ಪೆಟ್ಟು ಬೀಳುವುದು ಅಲ್ಲೇ, ಆಗ ಮತ್ತೆ ಹಳ್ಳಿಗೆ ಹೋಗಲು ಸಮಯ ಇರುವುದಿಲ್ಲ.

ಅನುಮತಿಯ ಸರಪಳಿ ಉದ್ದ. ಮೊದಲು ಕಾಲೇಜಿನ ಎಥಿಕ್ಸ್ ಕಮಿಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಅದರ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ತಿಳಿದವರೂ ಸಾಮಾನ್ಯ ನಾಗರಿಕರೂ ಅದರಲ್ಲಿರುತ್ತಾರೆ. ಆಮೇಲೆ ಬಿಇಒ, ಮುಖ್ಯೋಪಾಧ್ಯಾಯರು, ತಂದೆತಾಯಿಯ ಲಿಖಿತ ಒಪ್ಪಿಗೆ, ಕೊನೆಗೆ ಮಗುವಿನದೇ ಸಮ್ಮತಿ: 7ರಿಂದ 12 ವರ್ಷದವರಿಗೆ ಬಾಯಿಮಾತಿನಲ್ಲಿ, ಅದಕ್ಕೆ ಮೇಲ್ಪಟ್ಟು 18ರೊಳಗಿನವರಿಗೆ ಬರಹದಲ್ಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇದ್ದರೆ ಸಾಲದು. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಮನೆಮಾತು ತೆಲುಗಾದವರು ಬಹಳ, ಕೆಜಿಎಫ್‌ನಲ್ಲಿ ತಮಿಳು. ಒಬ್ಬರು ಅನುವಾದಿಸಿದ್ದನ್ನು ಇನ್ನೊಬ್ಬರು ಮೂಲ ನೋಡದೆ ಹಿಂದಕ್ಕೆ ಅನುವಾದಿಸಿ ಅರ್ಥ ಕೆಟ್ಟಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಕೆಲಸ ಶುರುವಾದ ಮೇಲೆ ಕಮಿಟಿಯ ಅನುಮತಿ ಹಿಂದಿನ ತಾರೀಖಿಗೆ ಸಿಗುವುದಿಲ್ಲ. ಚಿಕಿತ್ಸೆಯ ಟ್ರಯಲ್ ಆದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಬೇಕು. ಅದು ಉಚಿತ, ಆದರೆ 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆ ಮಾಡಿದ ನೋಂದಣಿಗಷ್ಟೇ ಬೆಲೆ.

ಇಷ್ಟೆಲ್ಲ ಮಾಡಿಯೂ ಒಂದು ಮಿತಿ ಉಳಿಯುತ್ತದೆ. ಶಾಶ್ವತ ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. 12 ವರ್ಷದ ಮಗುವಿನ ಹಲ್ಲಿನ ಕಲೆ ಇವತ್ತಿನ ನೀರಿನದಲ್ಲ, ಕನಿಷ್ಠ ನಾಲ್ಕು ವರ್ಷ, ಅದಕ್ಕೂ ಹಿಂದಿನ ನೀರಿನದು. ಈ ನಡುವೆ ಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದ್ದರೆ ಇವತ್ತಿನ ನೀರು ಪರೀಕ್ಷಿಸಿ ಇವತ್ತಿನ ಹಲ್ಲಿಗೆ ತಾಳೆ ಹಾಕುವುದು ತಪ್ಪು. ಘಟಕ ಬಂದ ವರ್ಷ, ಹಳೆಯ ಬೋರ್‌ವೆಲ್ ಯಾವುದು, ಮಗು ಆ ಊರಿಗೆ ಬಂದದ್ದು ಯಾವಾಗ ಎಂದು ಮನೆಮನೆಯಲ್ಲಿ ಕೇಳಬೇಕು. ಜನರ ಜೊತೆ ಕೂತು ಮಾತಾಡುವ ತಾಳ್ಮೆ ಇಲ್ಲದವರಿಗೆ ಈ ಕ್ಷೇತ್ರ ಕಷ್ಟ. ತಾಳ್ಮೆ ಇದ್ದವರಿಗೆ ಈ ಮೂರು ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಅಪರೂಪ.

ಖರ್ಚಿನ ಮಾತು. ಎಂಡಿ ವಿದ್ಯಾರ್ಥಿಗೆ ಬರುವ ಸ್ಟೈಪೆಂಡ್ ಆಸ್ಪತ್ರೆಯ ಕೆಲಸಕ್ಕೆ. ಥೀಸಿಸ್‌ನ ಲ್ಯಾಬ್ ಖರ್ಚು, ಓಡಾಟ ಎಷ್ಟೋ ಸಲ ಕೈಯಿಂದಲೇ ಹೋಗುತ್ತದೆ. ಸಂಶೋಧನೆ ಒಗ್ಗುತ್ತದೋ ಇಲ್ಲವೋ ಎಂದು ಅಗ್ಗದಲ್ಲಿ ತಿಳಿಯಲು ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಎಸ್‌ಟಿಎಸ್ (ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್) ಯೋಜನೆ ಇದೆ. ಎರಡು ತಿಂಗಳ ಕೆಲಸ, ವರದಿ ಒಪ್ಪಿತವಾದರೆ ಸ್ಟೈಪೆಂಡ್. ಪ್ರಸ್ತಾವ ಬರೆಯುವುದು, ಎಥಿಕ್ಸ್ ಅನುಮತಿ, ವರದಿ, ಇಡೀ ಚಕ್ರ ಒಮ್ಮೆ ಸುತ್ತಿ ಬಂದಂತಾಗುತ್ತದೆ. ಎಂಬಿಬಿಎಸ್ ಎರಡನೆಯ ವರ್ಷದಲ್ಲೇ ಇದನ್ನು ಮಾಡಿದವರು ಎಂಡಿ ಥೀಸಿಸ್‌ನಲ್ಲಿ ಎಡವುವುದು ಕಡಿಮೆ.

ಕಾನೂನು: ಓದು ಮತ್ತು ಹುಡುಕಾಟ

ಕಾನೂನು ಸಂಶೋಧನೆಗೆ ಎರಡು ಮುಖ. ಶಾಸನ, ತೀರ್ಪು, ಸಂವಿಧಾನ ಇವನ್ನೇ ಓದಿ 'ಕಾನೂನು ಏನು ಹೇಳುತ್ತದೆ, ಅದರಲ್ಲಿ ವಿರೋಧ ಎಲ್ಲಿದೆ' ಎಂದು ಬಿಡಿಸುವುದು ಡಾಕ್ಟ್ರಿನಲ್. ಕೋರ್ಟು, ಕಚೇರಿ, ಹಳ್ಳಿಯಲ್ಲಿ ಆ ಕಾನೂನು ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಎಣಿಸಿ, ಕೇಳಿ ತಿಳಿಯುವುದು ಎಂಪಿರಿಕಲ್.

ಲೋಟದ ನೀರಿಗೇ ಬನ್ನಿ. 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್‌ನ ಉದಾಹರಣೆಯೊಂದು, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ಅಂತರ್ಜಲವನ್ನು ತನ್ನ ಹೊಲದ ಮಿತಿಯೊಳಗೆ ತೆಗೆದುಕೊಳ್ಳುವ ಹಕ್ಕು ಭೂಮಾಲೀಕನದು ಎನ್ನುತ್ತದೆ. ಸುಭಾಷ್ ಕುಮಾರ್ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ (1991) ಸುಪ್ರೀಂ ಕೋರ್ಟ್, ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಬರುತ್ತದೆ ಎಂದಿತು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ, ಅಧಿಸೂಚಿತ ಪ್ರದೇಶದಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಬೇಕು ಎನ್ನುತ್ತದೆ. ಗ್ರಾಮ ಪಂಚಾಯಿತಿಯ ಕರ್ತವ್ಯಗಳು 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣದಲ್ಲಿವೆ. ನಾಲ್ಕನ್ನೂ ಒಟ್ಟಿಗಿಟ್ಟರೆ ಥೀಸಿಸ್‌ನ ಪ್ರಶ್ನೆ ಎದ್ದು ನಿಲ್ಲುತ್ತದೆ: ಹೊಲದ ಮಾಲೀಕನ ನೀರು ಎಲ್ಲಿ ಮುಗಿಯುತ್ತದೆ, ಊರಿನ ನೀರು ಎಲ್ಲಿ ಶುರುವಾಗುತ್ತದೆ? ಲ್ಯಾಬ್ ಬೇಡ, ರಾಸಾಯನಿಕ ಬೇಡ. ಆದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಯಾವ ಮೀಟರೂ ತೋರಿಸುವುದಿಲ್ಲ. ಎದುರು ವಾದವನ್ನು ನಿಮಗಿಂತ ಚೆನ್ನಾಗಿ ಯಾರೂ ಕಟ್ಟಲಾರರು ಎನ್ನುವಷ್ಟು ಬಲವಾಗಿ ನೀವೇ ಕಟ್ಟಿ, ಆಮೇಲೆ ಅದನ್ನು ದಾಟಬೇಕು. ಈ ಅನಿಶ್ಚಿತತೆ ಹಿಡಿಸದವರಿಗೆ ಎರಡನೆಯ ವರ್ಷಕ್ಕೇ ಕಾನೂನು ಸಾಕಾಗುತ್ತದೆ.

ಕಾನೂನು ಸಂಶೋಧನೆ ಕೆಡುವುದು ಸದ್ದಿಲ್ಲದೆ. ತೀರ್ಪು ಓದದೆ, ಅದರ ಮೇಲೆ ವರದಿಗಾರರು ಬರೆದ ಸಾರಾಂಶ ಅಂದರೆ ಹೆಡ್‌ನೋಟ್ ನಂಬುವುದು ಒಂದು. ನ್ಯಾಯಮೂರ್ತಿಗಳು ದಾರಿಯಲ್ಲಿ ಆಡಿದ ಮಾತನ್ನು ತೀರ್ಪಿನ ತಿರುಳೆಂದು ಉಲ್ಲೇಖಿಸುವುದು ಇನ್ನೊಂದು. ಎಲ್ಲಕ್ಕಿಂತ ಅಪಾಯ, ರದ್ದಾದ ತೀರ್ಪನ್ನು ಜೀವಂತವೆಂದುಕೊಳ್ಳುವುದು. ಖಾಸಗಿತನದ ಬಗ್ಗೆ ಬರೆಯುವವರು ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿದ್ದ ಖರಕ್ ಸಿಂಗ್ ಪ್ರಕರಣವನ್ನು ಹಿಡಿದು ಕೂತರೆ, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಪುಟ್ಟಸ್ವಾಮಿ ತೀರ್ಪಿನಲ್ಲಿ ಆ ಭಾಗವನ್ನೇ ತಳ್ಳಿಹಾಕಿದ್ದು ಅವರ ಇಡೀ ಅಧ್ಯಾಯವನ್ನು ಮುಳುಗಿಸುತ್ತದೆ. 2024ರ ಜುಲೈ 1ರಿಂದ ಇನ್ನೊಂದು ತೊಡಕು ಸೇರಿದೆ: ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್), ಭಾರತೀಯ ಸಾಕ್ಷ್ಯ ಅಧಿನಿಯಮ (ಬಿಎಸ್‌ಎ) ಬಂದಿವೆ. ಕೊಲೆಯ ಐಪಿಸಿ 302 ಈಗ ಬಿಎನ್‌ಎಸ್ 103(1), ವಂಚನೆಯ 420 ಈಗ 318(4). ಹಿಂದಿನ ತೀರ್ಪುಗಳೆಲ್ಲ ಹಳೆಯ ಸಂಖ್ಯೆಯಲ್ಲಿವೆ, ಹೊಸ ಪ್ರಕರಣಗಳು ಹೊಸ ಸಂಖ್ಯೆಯಲ್ಲಿ. ಮೊದಲ ದಿನವೇ ಹೋಲಿಕೆಯ ಪಟ್ಟಿ ಮಾಡಿಟ್ಟುಕೊಳ್ಳದಿದ್ದರೆ ಮೂರನೆಯ ವರ್ಷದಲ್ಲಿ ಅಡಿಟಿಪ್ಪಣಿಗಳನ್ನು ಮತ್ತೆ ಮೊದಲಿಂದ ಬರೆಯಬೇಕಾಗುತ್ತದೆ.

ಬಜೆಟ್ ಚಿಕ್ಕದಿದ್ದರೆ ಮೂರರಲ್ಲಿ ಇದೇ ಹಗುರ. ತೀರ್ಪು ಹುಡುಕುವ ತಾಣಗಳಲ್ಲಿ ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ಎರಡಕ್ಕೂ ಹಣ ಕೊಡಬೇಕು. ಆದರೆ ಇಂಡಿಯನ್ ಕಾನೂನ್, ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್, ನ್ಯಾಷನಲ್ ಜುಡಿಷಿಯಲ್ ಡೇಟಾ ಗ್ರಿಡ್ ಉಚಿತ. ಎಂಪಿರಿಕಲ್ ಕೆಲಸಕ್ಕೆ ಆರ್‌ಟಿಐ ಇದೆ: ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 'ತಾಲ್ಲೂಕಿನ ನೀರಿನ ಘಟಕಗಳ ಸಂಪೂರ್ಣ ಮಾಹಿತಿ ಕೊಡಿ' ಎಂದು ಬರೆದ ಅರ್ಜಿಗೆ ಕೆಲಸಕ್ಕೆ ಬರುವ ಉತ್ತರ ಸಿಗುವುದಿಲ್ಲ. 'ಇಂಥ ಪಂಚಾಯಿತಿಯ ಘಟಕದ ನೀರಿನ ಪರೀಕ್ಷಾ ವರದಿಗಳ ಪ್ರತಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ' ಎಂದು ದಾಖಲೆಯ ಹೆಸರು ಹಿಡಿದು ಕೇಳಬೇಕು.

ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಳ ಹಂತದ ಕೋರ್ಟುಗಳ ದೂರು, ಹೇಳಿಕೆ, ಪಹಣಿ, ಕ್ರಯಪತ್ರ ಬಹುಪಾಲು ಕನ್ನಡದಲ್ಲೇ. ಖಾನೇಷುಮಾರಿ, ಖರಾಬು, ಇನಾಂತಿ ಎಂದರೆ ಏನೆಂದು ಗೊತ್ತಿರುವ ಸಂಶೋಧಕರು ಮಧುಗಿರಿಯ ಕಡತ ಓದಿ ತೆಗೆಯುವುದನ್ನು ದೊಡ್ಡ ಕಾನೂನು ವಿಶ್ವವಿದ್ಯಾಲಯಗಳ ಎಷ್ಟೋ ವಿದ್ಯಾರ್ಥಿಗಳು ಓದಲಾರರು. ಪಾವಗಡದ ಸೋಲಾರ್ ಪಾರ್ಕ್‌ಗೆ ಸುಮಾರು 13,000 ಎಕರೆಯನ್ನು ಸ್ವಾಧೀನ ಮಾಡದೆ ರೈತರಿಂದ ಗುತ್ತಿಗೆಗೆ ಪಡೆದ ವಿಧಾನ ಇಂಥ ಅಧ್ಯಯನಕ್ಕೆ ಹೇಳಿಮಾಡಿಸಿದ ವಸ್ತು.

ಎಂಜಿನಿಯರಿಂಗ್: ಅಳತೆ ಮತ್ತು ಮರುಪರೀಕ್ಷೆ

ಇಲ್ಲಿನ ಸಮಾಧಾನ ಎಂದರೆ ಉತ್ತರ ಬೇಗ ಸಿಗುತ್ತದೆ. ಒಂದು ವಸ್ತು ಫ್ಲೋರೈಡ್ ಹೀರುತ್ತದೋ ಇಲ್ಲವೋ ಎಂಬುದು ಬೀಕರ್‌ನಲ್ಲಿ ಒಂದೇ ದಿನದಲ್ಲಿ ಗೊತ್ತಾಗುತ್ತದೆ. 2.21 ಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ನೀರಿಗೆ ಕರಗಿಸಿದರೆ ಲೀಟರಿಗೆ 1,000 ಮಿ.ಗ್ರಾಂ. ಫ್ಲೋರೈಡ್ ಇರುವ ದ್ರಾವಣ. ಅದನ್ನು ಬೇಕಾದಷ್ಟು ತೆಳು ಮಾಡಿ, ಹೀರುವ ಪುಡಿ ಹಾಕಿ, ಅಲುಗಿಸಿ, ಸೋಸಿ, ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಿಂದ ಅಳೆಯುವುದು. ಅಳೆಯುವ ಮುನ್ನ ಟಿಸಾಬ್ ಬಫರ್ ಸೇರಿಸಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ, ಕಬ್ಬಿಣ ಹಿಡಿದಿಟ್ಟುಕೊಂಡ ಫ್ಲೋರೈಡ್ ಲೆಕ್ಕಕ್ಕೆ ಬರುವುದಿಲ್ಲ. ಮಾದರಿ ಇಡುವುದು ಪ್ಲಾಸ್ಟಿಕ್ ಬಾಟಲಿಯಲ್ಲಿ, ಗಾಜಿನಲ್ಲಿ ಬೇಡ. ಟಿಡಿಎಸ್ ಮೀಟರ್ ತೋರಿಸುವ ಅಂಕಿಗೂ ಫ್ಲೋರೈಡಿಗೂ ನೇರ ಸಂಬಂಧವಿಲ್ಲ. ಅದು ವಿದ್ಯುತ್ ವಾಹಕತೆಯಿಂದ ಒಟ್ಟು ಲವಣವನ್ನು ಅಂದಾಜು ಮಾಡುವ ಉಪಕರಣ.

ಕಷ್ಟ ಆಮೇಲೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿದ ದ್ರಾವಣದಲ್ಲಿ ಚೆನ್ನಾಗಿ ಕೆಲಸ ಮಾಡಿದ ವಸ್ತು ಬೋರ್‌ವೆಲ್ ನೀರಿನಲ್ಲಿ ಸೋಲುತ್ತದೆ, ಏಕೆಂದರೆ ಅಲ್ಲಿರುವ ಬೈಕಾರ್ಬೊನೇಟ್, ಸಿಲಿಕಾ ಅದೇ ಜಾಗಕ್ಕೆ ಪೈಪೋಟಿಗೆ ಬರುತ್ತವೆ. ಫ್ಲೋರೈಡ್ ತೆಗೆಯಲು ಬಳಸುವ ಆ್ಯಕ್ಟಿವೇಟೆಡ್ ಅಲ್ಯೂಮಿನಾ ಚೆನ್ನಾಗಿ ಹೀರುವುದು ಪಿಎಚ್ 5.5ರಿಂದ 6.5ರ ಆಸುಪಾಸಿನಲ್ಲಿ, ನಮ್ಮ ಬೋರ್‌ವೆಲ್ ನೀರು ಸಾಮಾನ್ಯವಾಗಿ 7ರ ಮೇಲೆ. ಆದ್ದರಿಂದ ನಿಜವಾದ ಬೋರ್‌ವೆಲ್ ನೀರನ್ನೇ ಹರಿಸಿ ನೋಡುವ ಕಾಲಂ ಪರೀಕ್ಷೆ ಬೇಕು. ಒಳವ್ಯಾಸ 2.5 ಸೆಂ.ಮೀ. ಇರುವ ಕೊಳವೆಗೆ 30 ಸೆಂ.ಮೀ. ಎತ್ತರ ವಸ್ತು ತುಂಬಿದರೆ ಅದರ ಗಾತ್ರ 147 ಮಿ.ಲೀ. ನೀರು ಹತ್ತು ನಿಮಿಷ ಅದರೊಳಗಿರಬೇಕೆಂದರೆ ನಿಮಿಷಕ್ಕೆ ಸುಮಾರು 15 ಮಿ.ಲೀ. ಹರಿಯಬೇಕು, ದಿನಕ್ಕೆ 21 ಲೀಟರ್. ಅಂದರೆ ಹಳ್ಳಿಯಿಂದ ದಿನಕ್ಕೊಂದು 20 ಲೀಟರ್ ಕ್ಯಾನಿಗೂ ತುಸು ಹೆಚ್ಚು. ಹೊರಬರುವ ನೀರಿನ ಫ್ಲೋರೈಡ್ 1.5 ದಾಟುವವರೆಗೆ ಹಗಲುರಾತ್ರಿ ಓಡಿಸಬೇಕು. ನಡುರಾತ್ರಿ ಕರೆಂಟ್ ಹೋಗಿ ಪಂಪ್ ನಿಂತರೆ, ನಿಂತ ನೀರಿನಲ್ಲೂ ಹೀರುವಿಕೆ ಮುಂದುವರಿದು ಬೆಳಿಗ್ಗೆಯ ಅಂಕಿ ಸುಳ್ಳು ಹೇಳುತ್ತದೆ, ಪರೀಕ್ಷೆ ಮೊದಲಿಂದ. ಯುಪಿಎಸ್ ಇಲ್ಲದ ಲ್ಯಾಬ್‌ನಲ್ಲಿ ಇಂಥ ವಿಷಯ ಆರಿಸಿಕೊಳ್ಳಬೇಡಿ. ವಸ್ತು ದಣಿದ ಮೇಲೆ ಕಾಸ್ಟಿಕ್ ಸೋಡಾದಿಂದ ತೊಳೆದು ಮರುಬಳಕೆ ಮಾಡಬಹುದು, ಆದರೆ ಆ ತೊಳೆದ ನೀರಿನಲ್ಲಿ ಮೊದಲಿಗಿಂತ ಎಷ್ಟೋ ಪಟ್ಟು ಫ್ಲೋರೈಡ್. ಅದನ್ನು ಎಲ್ಲಿಗೆ ಚೆಲ್ಲುವುದು ಎಂದು ಹೇಳದ ಥೀಸಿಸ್ ಅರ್ಧ ಥೀಸಿಸ್. ಆರ್‌ಒ ಘಟಕದ ತ್ಯಾಜ್ಯ ನೀರಿಗೂ ಇದೇ ಮಾತು.

ಎಲ್ಲ ಎಂಜಿನಿಯರಿಂಗ್ ಸಂಶೋಧನೆಯೂ ಇಷ್ಟು ಬೇಗ ಉತ್ತರ ಕೊಡುವುದಿಲ್ಲ, ಎಲ್ಲವೂ ಲ್ಯಾಬ್‌ನದೂ ಅಲ್ಲ. ಕಾಂಕ್ರೀಟ್‌ನಲ್ಲಿ 150 ಮಿ.ಮೀ. ಕ್ಯೂಬ್ ಎರಕ ಹೊಯ್ದು 28 ದಿನ ಕಾಯಬೇಕು, ಹಾಗಾಗಿ ಒಂದು ಮಿಶ್ರಣದ ತಪ್ಪು ತಿಳಿಯುವುದಕ್ಕೇ ಒಂದು ತಿಂಗಳು. ಸಿಮ್ಯುಲೇಶನ್‌ಗೆ ಕಂಪ್ಯೂಟರ್ ಸಾಕು, ಆದರೆ ಯಾವುದಾದರೂ ನಿಜವಾದ ಅಳತೆಗೆ ತಾಳೆ ನೋಡದಿದ್ದರೆ ಅದಕ್ಕೆ ತೂಕವಿಲ್ಲ. ಮಷೀನ್ ಲರ್ನಿಂಗ್ ಕಡೆ ಈಗ ಎಲ್ಲರ ಓಟ, ಖರ್ಚೂ ಕಡಿಮೆ. ಅಲ್ಲಿ ಪದೇ ಪದೇ ಕಾಣುವ ತಪ್ಪು ಒಂದೇ: ಒಬ್ಬನೇ ರೋಗಿಯ ಎಕ್ಸ್-ರೇಗಳು ಕಲಿಸುವ ಗುಂಪಿನಲ್ಲೂ ಪರೀಕ್ಷಿಸುವ ಗುಂಪಿನಲ್ಲೂ ಸೇರಿಕೊಳ್ಳುವುದು. ಫಲಿತಾಂಶ 100ಕ್ಕೆ 99ರ ಹತ್ತಿರ ಬಂದರೆ ಮೊದಲು ಅದನ್ನು ಅನುಮಾನಿಸಿ.

ಎಂಜಿನಿಯರಿಂಗ್‌ನವರಿಗೆ ಹೆಚ್ಚಾಗಿ ಬೇಕಾಗುವ ಇನ್ನೊಂದು ಎಚ್ಚರಿಕೆ ಪೇಟೆಂಟ್. ಮೊದಲು ಪೇಪರ್ ಪ್ರಕಟಿಸಿ ಆಮೇಲೆ ಅರ್ಜಿ ಹಾಕಿದರೆ ಹೊಸತನ ಹೋಯಿತು ಎಂದೇ ಲೆಕ್ಕ. ವಿನಾಯಿತಿ ಇರುವುದು ಬಹಳ ಇಕ್ಕಟ್ಟಿನ ಸಂದರ್ಭಗಳಿಗೆ. ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡುವುದು ಸರಿಯಾದ ಕ್ರಮ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕ 80% ಕಡಿಮೆ. ರೋಗಿಗೆ ಚಿಕಿತ್ಸೆ ಕೊಡುವ ವಿಧಾನಕ್ಕೆ ನಮ್ಮ ಕಾಯ್ದೆಯಲ್ಲಿ ಪೇಟೆಂಟ್ ಇಲ್ಲ, ಆದ್ದರಿಂದ ವೈದ್ಯಕೀಯದವರಿಗೆ ಈ ತಲೆನೋವು ಕಡಿಮೆ.

ಬಿಇ ವಿದ್ಯಾರ್ಥಿಗಳಿಗೆ ರುಚಿ ನೋಡಲು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ ಇದೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಸಣ್ಣ ಅನುದಾನ ಸಿಗುತ್ತದೆ. ಕಾಲೇಜಿನ ಮೂಲಕವೇ ಅರ್ಜಿ.

ದೂರ, ದುಡ್ಡು, ಲೈಬ್ರರಿ

ಮೂರೂ ಊರಿನಿಂದ ಬೆಂಗಳೂರು 60-70 ಕಿ.ಮೀ. ದಿನಾ ಓಡಾಡಬಹುದು ಎನಿಸುತ್ತದೆ, ಆದರೆ ರಾತ್ರಿಯ ಕಾಲಂ ಪರೀಕ್ಷೆಗೂ ವಾರ್ಡ್ ಡ್ಯೂಟಿಗೂ ಅದು ಹೊಂದುವುದಿಲ್ಲ. ಕಾನೂನಿಗೆ ವಾರಕ್ಕೊಂದು ದಿನ ಹೈಕೋರ್ಟ್, ಲೈಬ್ರರಿ ಎಂದು ಹೋಗಿ ಬಂದರೂ ನಡೆಯುತ್ತದೆ. ಆಡಳಿತದ ಕಾಗದಪತ್ರಕ್ಕೆ ಇನ್ನೊಂದು ಭೂಗೋಳ: ಸಂಯೋಜಿತ ಕಾಲೇಜುಗಳಲ್ಲಿ ವೈದ್ಯಕೀಯಕ್ಕೆ ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯ, ಎಂಜಿನಿಯರಿಂಗ್‌ಗೆ ಬೆಳಗಾವಿಯ ವಿಟಿಯು, ಕಾನೂನಿಗೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ. ತಾವೇ ಪದವಿ ಕೊಡುವ ಡೀಮ್ಡ್ ಸಂಸ್ಥೆಗಳಲ್ಲಿ ಎಲ್ಲವೂ ಒಂದೇ ಆವರಣದಲ್ಲಿ ಮುಗಿಯುತ್ತದೆ.

ಸಂಶೋಧಕರಿಗೆ ಕೊಡುವ ಯುಜಿಸಿ ಜೆಆರ್‌ಎಫ್ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂ., ಎರಡು ವರ್ಷದ ಮೇಲೆ 42,000. ಅದಕ್ಕೆ ಬರೆಯುವ ನೆಟ್ ಪರೀಕ್ಷೆಯ ವಿಷಯಗಳಲ್ಲಿ ಕಾನೂನೂ ಒಂದು. ಎಂಜಿನಿಯರಿಂಗ್‌ನಲ್ಲಿ ಗೇಟ್ ಪ್ರವೇಶ ಪರೀಕ್ಷೆಯ ಅಂಕದಿಂದ ಎಂ.ಟೆಕ್ ಸೇರಿದವರಿಗೆ 24 ತಿಂಗಳು 12,400 ರೂ. ಫೆಲೋಶಿಪ್ ಇಲ್ಲದೆ, ಮನೆ ನಡೆಸುವ ಹೊಣೆಯೂ ಇರುವವರಿಗೆ ಪೂರ್ಣಾವಧಿ ಪಿಎಚ್‌ಡಿಗೆ ಹಾರಿ ಎಂದು ಹೇಳುವುದು ನ್ಯಾಯವಲ್ಲ. ಅವರಿಗೆ ಪಾರ್ಟ್-ಟೈಮ್ ದಾರಿ ಇದೆ, ಕೆಲಸ ಕೊಟ್ಟವರ ಎನ್‌ಒಸಿ ಬೇಕು. ಪಾರ್ಟ್-ಟೈಮ್‌ಗೆ ಒಗ್ಗುವುದು ಡಾಕ್ಟ್ರಿನಲ್ ಕಾನೂನು, ಸಿಮ್ಯುಲೇಶನ್, ಪ್ರಕಟಿತ ಅಧ್ಯಯನಗಳನ್ನು ಕಲೆಹಾಕುವ ಸಿಸ್ಟಮ್ಯಾಟಿಕ್ ರಿವ್ಯೂ. ಲ್ಯಾಬ್ ಮತ್ತು ರೋಗಿ ಎರಡೂ ಭಾನುವಾರಕ್ಕೆ ಕಾಯುವುದಿಲ್ಲ.

2025ರ ಜನವರಿಯಿಂದ ಜಾರಿಗೆ ಬಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಲ್ಲಿ 13,000ದಷ್ಟು ಜರ್ನಲ್‌ಗಳು ತೆರೆದಿವೆ, ಆದರೆ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜು ಸೇರುವ ಮೊದಲು ಅಲ್ಲಿನ ಲೈಬ್ರರಿಗೆ ಹೋಗಿ, ನಿಮಗೆ ಬೇಕಾದ ಒಂದು ಪೇಪರ್ ಪೂರ್ತಿ ತೆರೆಯುತ್ತದೋ ಎಂದು ನೋಡಿ. ಕಾನೂನಿಗೆ ಈ ಕೊರತೆ ಅಷ್ಟು ತಟ್ಟುವುದಿಲ್ಲ, ಎಂಜಿನಿಯರಿಂಗ್‌ಗೆ ಬಹಳ ತಟ್ಟುತ್ತದೆ. ವೈದ್ಯಕೀಯಕ್ಕೆ ಪೇಪರ್‌ಗಳ ಉಚಿತ ಹುಡುಕುತಾಣ ಪಬ್‌ಮೆಡ್ ಇರುವುದರಿಂದ ಸಾರಾಂಶವಾದರೂ ಸಿಗುತ್ತದೆ.

ಬೇಲಿ ದಾಟುವವರು

ಒಂದರಿಂದ ಇನ್ನೊಂದಕ್ಕೆ ದಾಟಲು ಬಾಗಿಲುಗಳಿವೆ, ಎಲ್ಲ ದಿಕ್ಕಿಗೂ ಅಲ್ಲ. ಎಂಜಿನಿಯರ್ ಅಥವಾ ವೈದ್ಯರು ಕಾನೂನಿಗೆ ಬರಬಹುದು: ಯಾವುದೇ ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ನಂತರ ಎಲ್‌ಎಲ್‌ಎಂ. ಪೇಟೆಂಟ್ ಏಜೆಂಟ್ ಆಗಲು ಎಲ್‌ಎಲ್‌ಬಿಯೂ ಬೇಡ; ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ, ಪರೀಕ್ಷೆ ಸಾಕು. ಗೇಟ್‌ನಲ್ಲಿ 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್ ಪತ್ರಿಕೆ ಇರುವುದರಿಂದ ಎಂಜಿನಿಯರ್‌ಗಳಿಗೆ ಆಸ್ಪತ್ರೆಯ ಸಮಸ್ಯೆಗಳ ಕಡೆಗೂ ದಾರಿ ಇದೆ. ಆದರೆ ಕಾನೂನು ಓದಿದವರು ಕ್ಲಿನಿಕಲ್ ಸಂಶೋಧನೆ ನಡೆಸಲು ಹಿಂದಕ್ಕೆ ಹೋಗಿ ಎಂಬಿಬಿಎಸ್ ಓದಬೇಕಾದೀತು. ಪಿಯುಸಿ ಹಂತದಲ್ಲೇ ಮನಸ್ಸು ಎರಡಾಗಿದ್ದರೆ ವಿಜ್ಞಾನದ ಕಡೆಯ ಬಾಗಿಲು ಮೊದಲು ಹಿಡಿಯುವುದು ಜಾಣತನ, ಕಾನೂನಿನ ಬಾಗಿಲು ಆಮೇಲೂ ತೆರೆದಿರುತ್ತದೆ. ವೈದ್ಯಕೀಯ ನಿರ್ಲಕ್ಷ್ಯದ ಕಾನೂನಿನಲ್ಲಿ, 1995ರ ವಿ.ಪಿ. ಶಾಂತಾ ಮತ್ತು 2005ರ ಜೇಕಬ್ ಮ್ಯಾಥ್ಯೂ ತೀರ್ಪುಗಳ ಸುತ್ತ, ಕೇಸ್ ಶೀಟ್ ಓದಬಲ್ಲ ಸಂಶೋಧಕರು ತೀರ ಕಡಿಮೆ. ಎಂಬಿಬಿಎಸ್ ಜೊತೆ ಎಲ್‌ಎಲ್‌ಬಿ ಇದ್ದವರಿಗೆ ಅಲ್ಲಿ ಬೇಕಾದಷ್ಟು ಕೆಲಸ ಇದೆ.

ಅರ್ಜಿ ಹಾಕುವ ಮೊದಲ ತಿಂಗಳು

ಮೂರು ಸಣ್ಣ ಕೆಲಸ ಮಾಡಿ ನೋಡಿ, ಒಂದೊಂದಕ್ಕೆ ವಾರ. ಒಂದು ವಾರ ಸುಭಾಷ್ ಕುಮಾರ್ ತೀರ್ಪನ್ನು ಪೂರ್ತಿ ಓದಿ, ಅದನ್ನು ಉಲ್ಲೇಖಿಸಿದ ಐದು ನಂತರದ ತೀರ್ಪು ಹುಡುಕಿ ಎರಡು ಪುಟದಲ್ಲಿ ವ್ಯತ್ಯಾಸ ಬರೆಯಿರಿ. ಇನ್ನೊಂದು ವಾರ ನಿಮ್ಮ ವಿಷಯದ ಒಂದು ವೈದ್ಯಕೀಯ ಪೇಪರ್ ತೆಗೆದು ಅದರ ಸ್ಯಾಂಪಲ್ ಲೆಕ್ಕವನ್ನು ನೀವೇ ಮತ್ತೆ ಹಾಕಿ. ಹೊಂದದಿದ್ದರೆ ಏಕೆ ಎಂದು ಹುಡುಕಿ. ಮೂರನೆಯ ವಾರ ಭಾರತದ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಒಂದು ಎಂಜಿನಿಯರಿಂಗ್ ಥೀಸಿಸ್ ತೆರೆದು, ಅದರ ಪ್ರಯೋಗದ ಅಧ್ಯಾಯವನ್ನಷ್ಟೇ ನೋಡಿ ನೀವು ಆ ಪ್ರಯೋಗ ಮರುಮಾಡಬಲ್ಲಿರಾ, ಯಾವ ಅಳತೆ ಬಿಟ್ಟುಹೋಗಿದೆ ಎಂದು ಪಟ್ಟಿ ಮಾಡಿ. ಯಾವ ವಾರ ಊಟದ ಹೊತ್ತು ಮರೆಯಿತೋ ಅದು ನಿಮ್ಮ ಕ್ಷೇತ್ರ.

ನಾಲ್ಕನೆಯ ವಾರ ಗೈಡ್‌ಗೆ. 2022ರ ಯುಜಿಸಿ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಪ್ರೊಫೆಸರ್ ಬಳಿ ಎಂಟು, ಅಸೋಸಿಯೇಟ್ ಪ್ರೊಫೆಸರ್ ಬಳಿ ಆರು, ಅಸಿಸ್ಟೆಂಟ್ ಪ್ರೊಫೆಸರ್ ಬಳಿ ನಾಲ್ಕು ವಿದ್ಯಾರ್ಥಿಗಳಿಗಷ್ಟೇ ಜಾಗ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಭೇಟಿಗೆ ಹೋದಾಗ ಸಂಕೋಚ ಬಿಟ್ಟು ಕೇಳಬೇಕಾದದ್ದು ಇಷ್ಟು: ಈಗ ಎಷ್ಟು ಸ್ಥಾನ ಖಾಲಿ ಇದೆ ಸರ್, ತಾವು ಇನ್ನೆಷ್ಟು ವರ್ಷ ಸೇವೆಯಲ್ಲಿರುತ್ತೀರಿ, ತಮ್ಮ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು. ಅವರಲ್ಲಿ ಒಬ್ಬರ ಫೋನ್ ನಂಬರ್ ಕೇಳಿ ಪಡೆದು, ಫೀಸು ಕಟ್ಟುವ ಮೊದಲೇ ಅವರ ಜೊತೆ ಮಾತಾಡಿ.